ಇದ್ದಿಲಿಗೆ ಚುಕ್ಕೆ ಮೂಡಿದಾಗ

ಹೋದ ತಿಂಗಳು ಬಿಟಿಎಂ ಲೇಔಟಿನಲ್ಲಿ ಅನಿಮೇಷನ್ ಕಲಿಸುವ ಸಂಸ್ಥೆಯೊಂದು ನನ್ನನ್ನು ಕರೆದಿತ್ತು. ನಾನು ಕೆಲಸ ಮಾಡಿದ್ದ ಮಕ್ಕಳ ಚಿತ್ರದ ಹತ್ತು ನಿಮಿಷದ ತುಣುಕೊಂದನ್ನು ಯಾರೋ ಎಲ್ಲಿಂದಲೋ ಹುಡುಕಿ ತಂದಿದ್ದರು. ಅದನ್ನು ತೋರಿಸಿ ದೀಪ ಹಾಕಿದ ಮೇಲೆ ಒಬ್ಬ ಹುಡುಗಿ ಎದ್ದು ನಿಂತು, "ಮೇಡಂ, ಆ ಹಕ್ಕಿ ಮೈಮೇಲೆ ಚುಕ್ಕೆ ಬರೋದು ಐಡೆಂಟಿಟಿಗೆ ಸಿಂಬಲ್ ಅಲ್ವಾ? ಕಥೆ ಬರೆಯುವಾಗ್ಲೇ ಪ್ಲಾನ್ ಮಾಡಿದ್ರಾ?" ಎಂದು ಕೇಳಿದಳು.

"ಇಲ್ಲಮ್ಮ. ತಪ್ಪು ಮಾಡಿ ಸಿಕ್ಕಿಹಾಕ್ಕೊಂಡ್ವಿ. ಅದರಿಂದ ಬಂತು" ಎಂದೆ.

ಎಲ್ಲರೂ ನಕ್ಕರು. ವಿನಯದಿಂದ ಹೇಳಿದೆ ಎಂದುಕೊಂಡರು. ನಾನು ಹೇಳಿದ್ದು ಇದ್ದದ್ದೇ. ಆ ಚುಕ್ಕೆಗಳ ಹಿಂದೆ ಎರಡು ತಪ್ಪುಗಳಿದ್ದವು. ಒಂದು ಇಡೀ ಸ್ಟುಡಿಯೋ ಮಾಡಿದ್ದು, ಇನ್ನೊಂದು ನಾನೊಬ್ಬಳೇ ಮಾಡಿದ್ದು. ಮೊದಲನೆಯದನ್ನು ತಿದ್ದಲು ನಾಲ್ಕು ತಿಂಗಳು ಹಿಡಿಯಿತು. ಎರಡನೆಯದನ್ನು ತಿದ್ದುವ ವಿದ್ಯೆ ನನಗೆ ಗೊತ್ತಿರಲಿಲ್ಲ. ಈ ಕೆಲಸಕ್ಕೆ ಬರುತ್ತಿರುವ ಮಕ್ಕಳಿಗೆ ತಿಳಿದಿರಲಿ ಎಂದು ಬರೆಯುತ್ತಿದ್ದೇನೆ. ಬಣ್ಣ ತುಂಬುವವಳಾಗಿ ಸೇರಿದೆ, ಬಣ್ಣದ ವಿಭಾಗ ನೋಡಿಕೊಳ್ಳುವವಳಾಗಿ ನಿವೃತ್ತಳಾದೆ. ನಡುವಿನ ಬಡ್ತಿಗಳ ವಿಷಯ ಇಷ್ಟೇ ಸಾಕು.

ನಾನು ಕೆಲಸಕ್ಕೆ ಸೇರಿದ್ದು ಎಪ್ಪತ್ತರ ದಶಕದ ಕೊನೆಯ ಭಾಗದಲ್ಲಿ. ಜಯನಗರದ ಒಂದು ಮನೆಯ ಮಹಡಿಯೇ ನಮ್ಮ ಸ್ಟುಡಿಯೋ. ಕೆಳಗೆ ಹಿಟ್ಟಿನ ಗಿರಣಿ. ಗಿರಣಿ ಓಡುವಾಗ ನೆಲ ಸಣ್ಣಗೆ ನಡುಗುತ್ತಿತ್ತು. ಮೇಜಿನ ಮೇಲೆ ತೂಗುಹಾಕಿದ್ದ ಕ್ಯಾಮೆರಾ ಕೂದಲೆಳೆಯಷ್ಟು ಅಲುಗಿದರೂ ತೆರೆಯ ಮೇಲೆ ಹಕ್ಕಿಗೆ ಚಳಿಜ್ವರ ಬಂದ ಹಾಗೆ ಕಾಣುತ್ತದೆ. ಆದ್ದರಿಂದ ಗಿರಣಿಯವರು ಊಟಕ್ಕೆ ಬಾಗಿಲು ಹಾಕುತ್ತಿದ್ದ ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಮಾತ್ರ ನಮ್ಮ ಚಿತ್ರೀಕರಣ. ಹಿಂದಿನ ಕೋಣೆಯ ಗೋಡೆಗಳಿಗೆ ಹಾಸಿಗೆ ಕಟ್ಟಿ ಮಾಡಿಕೊಂಡಿದ್ದ ಧ್ವನಿಮುದ್ರಣವೂ ಆಗಲೇ. ಖಾರದಪುಡಿ ಮಾಡಿಸುವ ದಿನಗಳಲ್ಲಂತೂ ಮಹಡಿಯಲ್ಲಿ ಎಲ್ಲರಿಗೂ ಸೀನು. ಹಸಿ ಬಣ್ಣದ ಮೇಲೆ ಒಂದು ಸೀನು ಬಿದ್ದರೆ ಆ ಹಾಳೆ ಹೋಯಿತು.

ನಮ್ಮ ಯಜಮಾನರು ಗೋಪಿನಾಥ್ ಸಾರ್. ಬೊಂಬಾಯಿಯಲ್ಲಿ ಜಾಹೀರಾತು ಚಿತ್ರಗಳನ್ನು ಮಾಡಿ, ಸೋಪು ಹಲ್ಲುಪುಡಿಗಳನ್ನು ಕುಣಿಸಿ ಕುಣಿಸಿ ಬೇಸತ್ತು ಊರಿಗೆ ಬಂದವರು. ಅವರು ಗದರಿದ್ದನ್ನು ನಾನು ಕೇಳಿಲ್ಲ. ತಪ್ಪು ಕಂಡರೆ ಕನ್ನಡಕ ತೆಗೆದು ಒರೆಸುತ್ತಿದ್ದರು. ಅವರು ಒರೆಸುವಷ್ಟು ಹೊತ್ತು ನಮಗೆ ಉಸಿರು ಬರುತ್ತಿರಲಿಲ್ಲ.

ಮೊದಲ ದಿನ ಅವರು ನನಗೆ ಪಾರದರ್ಶಕ ಹಾಳೆಗಳ ಒಂದು ಕಟ್ಟು ಕೊಟ್ಟರು. ಅದಕ್ಕೆ ಸೆಲ್ ಎನ್ನುತ್ತಿದ್ದೆವು. ಮುಂಭಾಗದಲ್ಲಿ ಗೆರೆ, ಹಿಂಭಾಗದಲ್ಲಿ ಬಣ್ಣ. ಕೈಗೆ ಹತ್ತಿಯ ಗವಸು ಹಾಕಿಕೊಂಡು ಬೆಳಗಿನಿಂದ ಸಂಜೆವರೆಗೆ ಬಣ್ಣ ತುಂಬಿದೆ. ಹೊರಡುವಾಗ, "ಸಾರ್, ಇವತ್ತು ಎಷ್ಟು ಹೊತ್ತಿನ ಫಿಲಂ ಆಯ್ತು?" ಎಂದು ಹೆಮ್ಮೆಯಿಂದ ಕೇಳಿದೆ. ಅವರು ಕಟ್ಟನ್ನು ನೋಡಿ, "ಎರಡೂವರೆ ಸೆಕೆಂಡು. ರೆಪ್ಪೆ ಬಡಿದ್ರೆ ಮುಗ್ದೋಗುತ್ತೆ" ಎಂದರು. ಬಸ್ಸಿನಲ್ಲಿ ಮನೆಗೆ ಬರುವಾಗ ಅಳು ಬಂದಿತ್ತು. ಮನೆಯಲ್ಲಿ ಅಪ್ಪನಿಗೆ ಬೇರೆ ಚಿಂತೆ. "ಗಂಡಿನ ಕಡೆಯವರು ಕೇಳಿದ್ರೆ ಏನಂತ ಹೇಳೋದು? ನಮ್ಮ ಪದ್ಮ ಕಾಗೆಗೆ ಬಣ್ಣ ಬಳೀತಾಳೆ ಅಂತಲೇ?"

ಅಪ್ಪ ಹೇಳಿದ್ದು ನಿಜ. ಸಾರ್ ಮಾಡುತ್ತಿದ್ದುದು ಕಾಗೆಯ ಚಿತ್ರವೇ. ಬೇವಿನ ಮರದ ಮೇಲೆ ಕರಿಯವ್ವ ಎಂಬ ಕಾಗೆ. ಅವಳ ಗೂಡಿನಲ್ಲಿ ಯಾವುದೋ ಕೋಗಿಲೆ ಒಂದು ಮೊಟ್ಟೆ ಇಟ್ಟು ಹಾರಿಹೋಗುತ್ತದೆ. ಮರಿ ಹುಟ್ಟುತ್ತದೆ, ಹೆಣ್ಣು ಮರಿ. ಕರಿಯವ್ವ ಅದಕ್ಕೆ ಇದ್ದಿಲು ಎಂದು ಹೆಸರಿಟ್ಟು ತನ್ನದೇ ಎಂದುಕೊಂಡು ಸಾಕುತ್ತಾಳೆ. ಬಣ್ಣವೂ ಒಂದೇ ಅಲ್ಲವೇ? ಕೊನೆಗೆ ಒಂದು ವಸಂತದ ಬೆಳಿಗ್ಗೆ ಇದ್ದಿಲು ಬಾಯಿ ತೆರೆದಾಗ 'ಕಾ' ಬರುವ ಬದಲು 'ಕುಹೂ' ಬರುತ್ತದೆ. ಕಾಡಿಗೆ ಕಾಡೇ ತಿರುಗಿ ನೋಡುತ್ತದೆ. ಆಗ ಅವಳಿಗೆ ತಾನು ಯಾರೆಂದು ಗೊತ್ತಾಗುತ್ತದೆ. ಇದು ಸಾರ್ ಬರೆದ ಕಥೆ. ಮನೆಮಂದಿಯೆಲ್ಲ ಕೂತು ನೋಡಬಹುದಾದ ನಲವತ್ತು ನಿಮಿಷದ ಚಿತ್ರ.

ಕಾಗೆಯ ಕಪ್ಪಿಗೆ ಒಂದು ತೊಟ್ಟು ನೀಲಿ, ಮರಿಯ ಕಪ್ಪಿಗೆ ಒಂದು ತೊಟ್ಟು ಕಂದು ಬೆರೆಸಬೇಕಿತ್ತು. ಸೇರಿದ ಎರಡನೇ ವಾರದಲ್ಲಿ ನಾನು ಬಟ್ಟಲು ಅದಲುಬದಲು ಮಾಡಿಕೊಂಡು, ಮರಿಗೂ ಕಾಗೆಯ ಕಪ್ಪನ್ನೇ ತುಂಬಿದೆ. ಗೋಡೆಯ ಮೇಲೆ ಓಡಿಸಿ ನೋಡಿದಾಗ ಮರಿ ತಾಯಿಯ ರೆಕ್ಕೆಯ ಕೆಳಗೆ ಹೋಗಿ ಮಾಯವಾಯಿತು. ಎರಡು ಕಣ್ಣು ಮಾತ್ರ ತೇಲುತ್ತಿದ್ದವು. ಸಾರ್ ಕನ್ನಡಕ ತೆಗೆದರು, ಒರೆಸಿದರು. ಕೆಲಸ ಹೋಯಿತು ಎಂದುಕೊಂಡೆ. ಆಮೇಲೆ, "ಇರಲಿ ಬಿಡಿ. ಆ ವಯಸ್ಸಿಗೆ ತಾಯಿ ಎಲ್ಲಿ ಮುಗೀತಾಳೆ, ತಾನೆಲ್ಲಿ ಶುರು ಅಂತ ಯಾವ ಕೂಸಿಗೆ ಗೊತ್ತಿರುತ್ತೆ?" ಎಂದರು. ಸಂಕೇತ ಎಂದು ಈಗ ನೀವು ಏನನ್ನು ಕರೆಯುತ್ತೀರೋ ಅದು ಹೀಗೆಲ್ಲ ಬರುತ್ತದೆ ಎಂದು ಅಂದು ಮೊದಲ ಸಲ ಕಂಡೆ.

ಇದ್ದಿಲಿನ ಧ್ವನಿಗೆ ಉಷಾ ಎಂಬ ಹುಡುಗಿ ಸಿಕ್ಕಳು. ಒಂಬತ್ತು ವರ್ಷ. ಶಾಲೆಯ ನಾಟಕದಲ್ಲಿ ಅವಳ ಮಾತು ಕೇಳಿ ಸಾರೇ ಮನೆ ಹುಡುಕಿಕೊಂಡು ಹೋಗಿದ್ದರು. ಅವಳ ತಂದೆ ಶ್ರೀಕಂಠಯ್ಯ ಕಚೇರಿಯೊಂದರಲ್ಲಿ ಗುಮಾಸ್ತರು. ಭಾನುವಾರವೆಲ್ಲ ಕೆರೆದಂಡೆಗಳಲ್ಲಿ ಹಕ್ಕಿ ನೋಡುವ ಹುಚ್ಚು. ಮುದ್ರಣವಿದ್ದಾಗಲೆಲ್ಲ ತಾಯಿ ಲಲಿತಮ್ಮ ಮಗಳ ಜೊತೆ ಬಂದು, ಊಟದ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಬೆಂಚಿನ ಮೇಲೆ ಕೂರುತ್ತಿದ್ದರು. ಮೈಕಿನ ಮುಂದೆ ನಿಂತ ಮಗಳ ಕಡೆಯಿಂದ ಕಣ್ಣು ಕೀಳುತ್ತಿರಲಿಲ್ಲ. ಉಷಾ ಬಾಯಿ ತೆರೆಯುವುದಕ್ಕೆ ಮೊದಲೇ ಅವರ ತುಟಿ ಅಲುಗುತ್ತಿತ್ತು.

ಅರ್ಧಕ್ಕಿಂತ ಹೆಚ್ಚು ಚಿತ್ರ ಮುಗಿದಿದ್ದಾಗ ಒಂದು ದಿನ ಶ್ರೀಕಂಠಯ್ಯನವರು ಹೆಂಡತಿ ಮಗಳನ್ನು ಕರೆದೊಯ್ಯಲು ಬಂದರು. ಒಣಗಲು ಹಾಕಿದ್ದ ಸೆಲ್‌ಗಳನ್ನು ಒಂದೊಂದಾಗಿ ನೋಡುತ್ತ ಬಂದವರು ನನ್ನ ಮೇಜಿನ ಬಳಿ ನಿಂತರು. ಬೆಳೆದು ದೊಡ್ಡದಾದ, ಅಪ್ಪಟ ಕಪ್ಪು ಇದ್ದಿಲು ಅಲ್ಲಿದ್ದಳು.

"ಇದು ಗಂಡಾ ಹೆಣ್ಣಾ ಸಾರ್?" ಎಂದು ಕೇಳಿದರು.

"ಹೆಣ್ಣು. ನಿಮ್ಮ ಮಗಳೇ ಅಲ್ವಾ ಮಾತಾಡ್ತಿರೋದು" ಎಂದರು ಗೋಪಿನಾಥ್ ಸಾರ್.

ಶ್ರೀಕಂಠಯ್ಯ ಸಂಕೋಚದಿಂದ ಕೈ ಉಜ್ಜಿಕೊಂಡರು. "ತಪ್ಪು ತಿಳ್ಕೋಬೇಡಿ. ಹೆಣ್ಣು ಕೋಗಿಲೆ ಕಪ್ಪಗಿರಲ್ಲ. ಕಂದು ಮೈ, ಮೈತುಂಬ ಬಿಳಿ ಚುಕ್ಕೆ. ಮತ್ತೆ... ಅದು ಕುಹೂ ಅನ್ನಲ್ಲ. ಅನ್ನೋದು ಗಂಡು."

ಕೆಳಗೆ ಗಿರಣಿ ಶುರುವಾಯಿತು. ನಾನು ಕುಂಚವನ್ನು ನೀರಿಗೆ ಅದ್ದುವ ಬದಲು ಕಾಫಿಗೆ ಅದ್ದಿದ್ದು ನೆನಪಿದೆ. ಎರಡು ವರ್ಷ, ಅಷ್ಟು ಜನ ಕೂತು, ಬೆಂಗಳೂರಿನ ಅಷ್ಟು ಕೋಗಿಲೆಗಳ ನಡುವೆ, ಒಮ್ಮೆಯೂ ಕತ್ತೆತ್ತಿ ನೋಡದೆ ಇಡೀ ಚಿತ್ರ ಬರೆದಿದ್ದೆವು.

ಆ ಭಾನುವಾರ ಬೆಳಿಗ್ಗೆ ಶ್ರೀಕಂಠಯ್ಯ ಸಾರ್ ಅವರನ್ನೂ ನನ್ನನ್ನೂ ಪುಟ್ಟೇನಹಳ್ಳಿಯ ಕೆರೆಗೆ ಕರೆದೊಯ್ದರು. ಆಗ ಜೆ.ಪಿ. ನಗರ ದಾಟಿದರೆ ಹೊಲಗಳೇ. ಏರಿಯ ಪಕ್ಕದ ಆಲದ ಮರದಲ್ಲಿ ಎರಡು ಹಕ್ಕಿಗಳನ್ನು ತೋರಿಸಿದರು. ಕಪ್ಪಗಿದ್ದದ್ದು ಕುಹೂ ಎಂದಿತು. ಇನ್ನೊಂದು, ಮೈಮೇಲೆ ಯಾರೋ ಸುಣ್ಣದ ನೀರು ಸಿಡಿಸಿದ ಹಾಗಿದ್ದದ್ದು, ಕಿಕ್ ಕಿಕ್ ಕಿಕ್ ಎಂದು ಗಾಬರಿಯಿಂದ ಕೂಗಿ ಹಾರಿತು. ಸಾರ್ ಏರಿಯ ಮೇಲೆ ಹಾಗೇ ಕೂತರು. ಆಮೇಲೆ, "ಮರಿಯಾಗಿದ್ದಾಗಲೂ ಹೀಗೇ ಇರುತ್ತಾ?" ಎಂದು ಕೇಳಿದರು.

"ಇಲ್ಲ ಸಾರ್. ಕಾಗೆ ಗೂಡಲ್ಲಿ ಇರೋವಾಗ ಹೆಚ್ಚುಕಮ್ಮಿ ಕಪ್ಪೇ. ಬೆಳೀತಾ ಬೆಳೀತಾ ಚುಕ್ಕೆ ಬರುತ್ತೆ."

ಸಾರ್ ಎದ್ದು ಪ್ಯಾಂಟಿನ ಧೂಳು ಕೊಡವಿಕೊಂಡರು. ಅವರ ಮುಖ ನೋಡಿ ನನಗೆ ಭಯವಾಯಿತು. ಅಷ್ಟು ಖುಷಿ ಅದರಲ್ಲಿತ್ತು. ಹಳೆಯ ಅರ್ಧ ಉಳಿಯುತ್ತದೆ, ಮುಂದಿನ ಅರ್ಧದಲ್ಲಿ ಚುಕ್ಕೆಗಳು ಒಂದೊಂದಾಗಿ ಮೂಡಬೇಕು ಎಂದರು.

ಹೇಳುವುದು ಸುಲಭ. ಸೆಲ್‌ನಲ್ಲಿ ಬಣ್ಣ ಇರುವುದು ಹಿಂಭಾಗದಲ್ಲಿ. ಒಣಗಿದ ಕಪ್ಪಿನ ಮೇಲೆ ಬಿಳಿ ಇಟ್ಟರೆ ಮುಂದಿನಿಂದ ಕಾಣುವುದಿಲ್ಲ. ಹೊಸದಾಗಿ ಬಣ್ಣ ತುಂಬಲು ಅಷ್ಟು ಹಾಳೆ ಇರಲಿಲ್ಲ. ನಾನು ಅಮ್ಮನ ಸ್ವೆಟರ್ ಕಡ್ಡಿ ತಂದು, ಒಂದು ಸೆಲ್‌ನ ಹಿಂದೆ ಕಪ್ಪನ್ನು ಸಾಸಿವೆಯಷ್ಟು ಕೆರೆದು, ಆ ತೂತಿಗೆ ಬಿಳಿ ತುಂಬಿ ತೋರಿಸಿದೆ. ಮುಂದಿನಿಂದ ನೋಡಿದರೆ ಚುಕ್ಕೆ ಒಳಗಿನಿಂದಲೇ ಬಂದ ಹಾಗಿತ್ತು. ನಾಲ್ಕು ತಿಂಗಳು ಬಣ್ಣ ತುಂಬುವ ನಾವು ಮೂವರು ಹೆಂಗಸರು ಕೂತು ಕೆರೆದೆವು. ಈಗಿನವರಿಗೆ ಕಂಪ್ಯೂಟರಿನಲ್ಲಿ ಅದು ಅರ್ಧ ಗಂಟೆಯ ಕೆಲಸ. ನನಗೆ ಹೊಟ್ಟೆಕಿಚ್ಚಿಲ್ಲ, ನನ್ನ ಹೆಬ್ಬೆರಳಿಗೆ ಇದ್ದರೆ ಇರಬಹುದು.

ಸಾರ್ ಹೊಸ ದೃಶ್ಯವೊಂದನ್ನು ಬರೆದರು. ಇದ್ದಿಲು ನೀರು ಕುಡಿಯಲು ಬಗ್ಗಿದಾಗ ತನ್ನ ಮೈಯ ಚುಕ್ಕೆಗಳನ್ನು ಕಾಣುತ್ತಾಳೆ. ಓಡಿಬಂದು ತಾಯಿಯನ್ನು ಕೇಳುತ್ತಾಳೆ. ಕರಿಯವ್ವ ಉತ್ತರ ಕೊಡದೆ ಒಲೆಯ ಮಸಿ ತಂದು ಚುಕ್ಕೆಗಳ ಮೇಲೆ ತಿಕ್ಕುತ್ತಾಳೆ. ಎಷ್ಟು ತಿಕ್ಕಿದರೂ ಮಾರನೆಯ ದಿನ ಚುಕ್ಕೆ ಮೇಲೆ ಬರುತ್ತದೆ, ಇದ್ದಿಲು ಮತ್ತೆ ಕೇಳುತ್ತಾಳೆ, ಆಗ ಕರಿಯವ್ವ ಉತ್ತರ ಕೊಡಲೇಬೇಕು.

ಆ ದೃಶ್ಯ ಮುದ್ರಿಸಿದ ದಿನ ನಾನು ಬಾಗಿಲ ಬಳಿ ನಿಂತಿದ್ದೆ. ಕರಿಯವ್ವನ ಧ್ವನಿಗೆ ಗೊತ್ತುಮಾಡಿದ್ದ ನಾಟಕದ ಕಲಾವಿದೆ ಊರಿನಲ್ಲಿರಲಿಲ್ಲ. ಆ ಮಾತುಗಳನ್ನು ಸದ್ಯಕ್ಕೆ ಸಾರೇ ಓದುತ್ತಿದ್ದರು. ಉಷಾ ಮೈಕಿನ ಮುಂದೆ ನಿಂತು, "ಅವ್ವಾ, ಇದ್ಯಾಕೆ ನನಗೆ ಮಾತ್ರ? ನಿನಗಿಲ್ವಲ್ಲ. ನಾನು ನಿನ್ನ ಮಗಳಲ್ವಾ?" ಎಂದಳು.

ಹಿಂದೆ ಡಬ್ಬಿ ಬಿದ್ದ ಸದ್ದಾಯಿತು. ಲಲಿತಮ್ಮ ಎದ್ದು ನಿಂತಿದ್ದರು. ಅನ್ನ ನೆಲದ ಮೇಲೆಲ್ಲ ಚೆಲ್ಲಿತ್ತು. ಅದನ್ನು ನೋಡದೆ, ತುಳಿದುಕೊಂಡೇ ಬಂದು ಮಗಳ ಕೈ ಹಿಡಿದರು. "ಸಾಕು. ನಡಿ ಮನೆಗೆ."

"ಏನಾಯ್ತಮ್ಮ?" ಎಂದರು ಸಾರ್.

ಅವರು ಸಾರ್ ಮುಖವನ್ನು ನೋಡಿದ ರೀತಿ ನಾನು ಮರೆತಿಲ್ಲ. ಕಳ್ಳನನ್ನು ಮನೆಯೊಳಗೇ ಕಂಡವರು ಹಾಗೆ ನೋಡುತ್ತಾರೆ. ಮೆಟ್ಟಿಲಿಳಿದು ಹೋದವರು ಮತ್ತೆ ಬರಲಿಲ್ಲ.

ಒಂದು ವಾರ ಕಾದು ಸಾರ್ ನನ್ನನ್ನು ಅವರ ಮನೆಗೆ ಕಳಿಸಿದರು. ಹೆಂಗಸು ಹೋದರೆ ಮಾತಾಡಿಯಾರು ಎಂದು. ಉಷಾ ಶಾಲೆಗೆ ಹೋಗಿದ್ದಳು. ಲಲಿತಮ್ಮ ನನ್ನನ್ನು ಅಡುಗೆಮನೆಯಲ್ಲಿ ಕೂರಿಸಿ, ಹುರುಳಿಕಾಯಿ ನಾರು ತೆಗೆಯುತ್ತ, ತಲೆ ಎತ್ತದೆ ಕೇಳಿದರು.

"ನಮ್ಮ ಯಜಮಾನ್ರು ಹೇಳಿದ್ರಾ ನಿಮಗೆ?"

"ಏನನ್ನ?"

"ನಾಟಕ ಆಡಬೇಡಿ ಪದ್ಮಾ. ನಮ್ಮ ಕಥೇನೇ ಸಿನಿಮಾ ಮಾಡ್ಬಿಟ್ಟು ಏನನ್ನ ಅಂತ ಕೇಳ್ತೀರಲ್ಲ."

ನನಗೆ ನಿಜಕ್ಕೂ ಏನೂ ಗೊತ್ತಿರಲಿಲ್ಲ. ಅದು ನನ್ನ ಮುಖದಿಂದ ಅವರಿಗೆ ತಿಳಿದಿರಬೇಕು. ಅಷ್ಟರಲ್ಲಿ ಹೇಳುವುದನ್ನು ಹೇಳಿಬಿಟ್ಟಿದ್ದರು. ಚಾಕು ಕೆಳಗಿಟ್ಟು ಉಳಿದದ್ದನ್ನೂ ಹೇಳಿದರು. ಉಷಾ ಅವರು ಹೆತ್ತ ಮಗುವಲ್ಲ. ಹನ್ನೊಂದು ದಿನದ ಕೂಸನ್ನು ಆಸ್ಪತ್ರೆಯಿಂದ ತಂದು ಮಡಿಲಿಗೆ ಹಾಕಿಕೊಂಡಿದ್ದರು. ಆಗ ವಿಲ್ಸನ್ ಗಾರ್ಡನ್‌ನಲ್ಲಿ ಮನೆ. ಅಕ್ಕಪಕ್ಕದವರಿಗೆಲ್ಲ ಗೊತ್ತಿತ್ತು. ಮಗು ಮಾತು ಕಲಿಯುವ ಮೊದಲೇ ಆ ಬೀದಿ ಬಿಟ್ಟು ಇಲ್ಲಿಗೆ ಬಂದರು. ಇಲ್ಲಿ ಯಾರಿಗೂ ತಿಳಿಯದು.

"ಆ ಮಸಿ ತಿಕ್ಕೋದು," ಎಂದರು, "ಅದನ್ನ ಯಾರೂ ಹೇಳದೆ ಅವ್ರು ಹೆಂಗೆ ಬರೆದ್ರು? ಒಂಬತ್ತು ವರ್ಷದಿಂದ ನಾನು ಮಾಡ್ತಿರೋದು ಅದೇ ತಾನೆ."

ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಟ್ಟು ಎದ್ದು ಬಂದೆ.

ಇನ್ನು ನನ್ನ ತಪ್ಪು. ಅದು ಶನಿವಾರ ಮಧ್ಯಾಹ್ನ. ಗಿರಣಿ ನಿಂತಿತ್ತು. ಸಾರ್ ನನ್ನ ಮೇಜಿನ ಬಳಿ ಬಂದು, ಹುಡುಗಿ ಯಾಕೆ ಬರುತ್ತಿಲ್ಲ, ಬೇರೆಯವಳನ್ನು ಹುಡುಕಿ ಎಲ್ಲವನ್ನೂ ಮತ್ತೆ ಮುದ್ರಿಸಲೇ ಎಂದು ಕೇಳಿದರು. ನಾನು ಮೊದಲು ತಡವರಿಸಿದೆ. ಆಮೇಲೆ, ಇವರಿಗೆ ತಿಳಿದರೆ ದೃಶ್ಯವನ್ನೇ ತೆಗೆದಾರು, ಆ ತಾಯಿಗೂ ಒಳ್ಳೆಯದಾದೀತು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡು ಬಾಯಿ ಬಿಟ್ಟೆ. "ಸಾರ್, ಉಷಾನ ಅವ್ರು ಸಾಕಿಕೊಂಡಿರೋದು. ಅವಳಿಗೆ ಗೊತ್ತಿಲ್ಲ" ಎಂದೆ. ಪಿಸುಮಾತಿನಲ್ಲೂ ಅಲ್ಲ, ಮಾಮೂಲು ಧ್ವನಿಯಲ್ಲಿ.

ಸಾರ್ ನನ್ನನ್ನು ನೋಡುತ್ತಿರಲಿಲ್ಲ. ನನ್ನ ಹಿಂದೆ ನೋಡುತ್ತಿದ್ದರು. ತಿರುಗಿದೆ. ಕೊನೆಯ ಮೆಟ್ಟಿಲ ಮೇಲೆ ಸಮವಸ್ತ್ರದಲ್ಲಿ ಉಷಾ ನಿಂತಿದ್ದಳು. ಅಂದು ಬಿದ್ದ ಡಬ್ಬಿಯನ್ನು ನಾವು ತೊಳೆದು ಕಿಟಕಿಯಲ್ಲಿಟ್ಟಿದ್ದೆವು. ಶನಿವಾರ ಅರ್ಧ ದಿನ ಶಾಲೆ. ಮನೆಗೆ ಹೋಗುವ ದಾರಿಯಲ್ಲಿ ಅದನ್ನು ತೆಗೆದುಕೊಂಡು ಹೋಗಲು ಬಂದಿದ್ದಳು.

ಕಡ್ಡಿ ಕೆಳಗಿಟ್ಟು ಎದ್ದು ನಿಂತೆ.

ಉಷಾ ಅಳಲಿಲ್ಲ. ಒಳಗೆ ಬಂದು ಡಬ್ಬಿ ತೆಗೆದುಕೊಂಡಳು. ನನ್ನ ಮೇಜಿನ ಮೇಲಿದ್ದ ಸೆಲ್ ನೋಡಿದಳು. ಆಮೇಲೆ ಬಹಳ ಮೆಲ್ಲಗೆ, ಗಾಬರಿಯಿಂದ, "ಆಂಟಿ, ಇದು ನಮ್ಮಮ್ಮಂಗೆ ಗೊತ್ತಾ?" ಎಂದು ಕೇಳಿದಳು.

ನನಗೆ ಪ್ರಶ್ನೆಯೇ ಅರ್ಥವಾಗಲಿಲ್ಲ.

"ಗೊತ್ತಿಲ್ದಿದ್ರೆ ಹೇಳ್ಬೇಡಿ ಆಂಟಿ. ಅಮ್ಮಂಗೆ ತುಂಬ ಬೇಜಾರಾಗುತ್ತೆ."

ಗೋಪಿನಾಥ್ ಸಾರ್ ಗೋಡೆಯ ಕಡೆ ಮುಖ ತಿರುಗಿಸಿ ನಿಂತುಬಿಟ್ಟರು.

ಅವಳನ್ನು ನಾನೇ ಮನೆಗೆ ನಡೆಸಿಕೊಂಡು ಹೋದೆ. ದಾರಿಯಲ್ಲಿ ಒಂದೇ ಸಲ ಮಾತಾಡಿದಳು. "ಸಿನಿಮಾದಲ್ಲಿ ಮೊಟ್ಟೆ ಇಟ್ಟಳಲ್ಲ, ಅವಳು ಆಮೇಲೆ ಬರೋದೇ ಇಲ್ವಾ?" ಬರೆದ ಕಥೆಯಲ್ಲಿ ಅವಳು ಮತ್ತೆ ಬರುವುದಿಲ್ಲ. ಅಷ್ಟು ದಿನದಲ್ಲಿ ನಮ್ಮಲ್ಲಿ ಯಾರಿಗೂ ಆ ಪ್ರಶ್ನೆ ಹೊಳೆದಿರಲಿಲ್ಲ. ನಾನು ಅವಳ ಚೀಲ ಹೊತ್ತು ನಡೆದೆ.

ಬಾಗಿಲಲ್ಲಿ ಲಲಿತಮ್ಮನಿಗೆ ನಡೆದದ್ದನ್ನು ಹೇಳಿದೆ. ಅವರು ಉಷಾಳನ್ನು ಒಳಗೆ ಕಳಿಸಿ, ಹೊರಗೆ ಬಂದು, ನನ್ನ ಕೆನ್ನೆಗೆ ಹೊಡೆದರು. ನನ್ನಪ್ಪ ಕೂಡ ನನಗೆ ಎಂದೂ ಹೊಡೆದಿರಲಿಲ್ಲ. ಎದುರು ಮನೆಯವರು ಗೇಟಿನಲ್ಲಿ ನಿಂತು ನೋಡುತ್ತಿದ್ದರು. ಲಲಿತಮ್ಮ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಸೋಮವಾರ ರಾಜೀನಾಮೆ ಬರೆದು ಸಾರ್ ಮುಂದಿಟ್ಟೆ. ಅವರು ಓದಲಿಲ್ಲ. "ನೀವು ಕೆಲಸ ಬಿಟ್ರೆ ಆಡಿದ ಮಾತು ವಾಪಸ್ ಬರುತ್ತಾ? ಹೋಗಿ ಕೆರೀರಿ" ಎಂದರು. ಕ್ಯಾಮೆರಾಗೆ ಬಟ್ಟೆ ಹೊದಿಸಿ ಚಿತ್ರೀಕರಣ ನಿಲ್ಲಿಸಿದರು. ಎರಡು ವಾರ ಆ ಮಹಡಿಯಲ್ಲಿ ಕಡ್ಡಿ ಹಿಡಿದು ಕೆರೆಯುವುದು ಬಿಟ್ಟರೆ ಬೇರೆ ಕೆಲಸವಿರಲಿಲ್ಲ.

ಒಮ್ಮೆ ಶ್ರೀಕಂಠಯ್ಯ ಬಂದರು. ಬೈಯಲು ಬಂದರು ಎಂದುಕೊಂಡು ಎದ್ದು ನಿಂತೆ. ಅವರು ಸಾರ್ ಎದುರು ಕೂತು, "ತಪ್ಪು ನಂದೂ ಇದೆ" ಎಂದರು. "ಹಕ್ಕಿ ವಿಷ್ಯ ಹೇಳಿದ್ದು ಹಕ್ಕಿಗಾಗೇ, ದೇವರಾಣೆ. ಆದ್ರೆ ನೀವು ಆ ಸೀನ್ ಬರೆದು ನನಗೆ ಓದಿ ತೋರಿಸಿದ್ರಲ್ಲ, ಆಗ ತಡೀಬಹುದಿತ್ತು. ತಡೀಲಿಲ್ಲ. ನನ್ನ ಕೈಲಿ ಹೇಳಕ್ಕಾಗದ್ದನ್ನ ನಿಮ್ಮ ಕಾಗೆ ಹೇಳಿಬಿಡಲಿ ಅನ್ನಿಸ್ತು."

"ಮನೇಲಿ ಹೇಗಿದೆ?" ಎಂದು ಸಾರ್ ಕೇಳಿದರು.

"ಮಗು ಅವಳನ್ನ ಸಮಾಧಾನ ಮಾಡುತ್ತೆ, ಅವಳು ಮಗೂನ. ಒಂದು ನಿಮಿಷ ಕೈ ಬಿಡಲ್ಲ. ಆದ್ರೆ ಆ ಮಾತು ಮಾತ್ರ ಇಬ್ರೂ ಎತ್ತಲ್ಲ."

ಅದಾಗಿ ಮೂರೋ ನಾಲ್ಕೋ ದಿನಕ್ಕೆ ಮೂವರೂ ಬಂದರು. ಲಲಿತಮ್ಮ ನನ್ನತ್ತ ನೋಡಲಿಲ್ಲ. ಉಷಾ ಕೆಲಸ ಮುಗಿಸುತ್ತೇನೆ ಎಂದು ಹಟ ಹಿಡಿದಿದ್ದಳಂತೆ. ಆದರೆ ಲಲಿತಮ್ಮನಿಗೆ ಒಂದು ಷರತ್ತು. ಕರಿಯವ್ವ ಏನು ಉತ್ತರ ಕೊಡುತ್ತಾಳೆ ಎಂದು ಅವರು ಮೊದಲು ಕೇಳಬೇಕು.

ಸಾರ್ ಹಾಳೆ ತೆಗೆದು ಓದಿದರು. "ನೀನು ನನ್ನ ಹೊಟ್ಟೆಯಲ್ಲಿ ಹುಟ್ಟದಿದ್ದರೂ ನನ್ನ ಹೃದಯದಲ್ಲಿ ಹುಟ್ಟಿದ್ದೀಯೆ, ಮಗಳೇ."

ಲಲಿತಮ್ಮ ತಲೆಯಾಡಿಸಿದರು. "ಯಾವ ತಾಯೀನೂ ಹೀಗೆ ಮಾತಾಡಲ್ಲ."

"ಮತ್ತೆ ಹೇಗೆ ಮಾತಾಡ್ತಾಳೆ, ನೀವೇ ಹೇಳಿ" ಎಂದರು ಸಾರ್. ಸವಾಲಲ್ಲ, ನಿಜವಾಗಿ ಕೇಳಿದರು. ಅವರಿಗೆ ಗೊತ್ತಿರಲಿಲ್ಲ.

ಉಷಾ ಹೋಗಿ ಮೈಕಿನ ಮುಂದೆ ನಿಂತಳು. ಸ್ವಲ್ಪ ಹೊತ್ತಾದ ಮೇಲೆ ಲಲಿತಮ್ಮ ಹೋಗಿ ಅವಳ ಎದುರು ನಿಂತರು. ಧ್ವನಿಮುದ್ರಣ ಮಾಡುವವರು ಸಾರ್ ಮುಖ ನೋಡಿದರು. ಸಾರ್ ಯಂತ್ರ ಓಡಿಸಲು ಕೈಸನ್ನೆ ಮಾಡಿದರು.

"ಅವ್ವಾ, ಇದ್ಯಾಕೆ ನನಗೆ ಮಾತ್ರ? ನಿನಗಿಲ್ವಲ್ಲ. ನಾನು ನಿನ್ನ ಮಗಳಲ್ವಾ?"

"ಇವತ್ತು ಕಂಡಿದ್ದು ನಿನಗೆ," ಎಂದರು ಲಲಿತಮ್ಮ. ಧ್ವನಿ ಒಡೆದಿತ್ತು. "ನಾನು ಮೊದಲನೇ ದಿನಾನೇ ನೋಡಿದ್ದೆ. ಒಂದೊಂದೂ ನೋಡಿದ್ದೆ. ಎಲ್ಲೆಲ್ಲಿದೆ ಅಂತ ಕಣ್ಣು ಮುಚ್ಚಿ ಹೇಳ್ತೀನಿ."

ಮುಂದೆ ಉಷಾ ಹೇಳಬೇಕಾದ ಸಾಲು ಹಾಳೆಯಲ್ಲಿತ್ತು. ಅವಳು ಹಾಳೆ ನೋಡಲಿಲ್ಲ. "ಮತ್ತೆ ಯಾಕೆ ಹೇಳ್ಲಿಲ್ಲ?" ಎಂದಳು.

ಲಲಿತಮ್ಮನಿಗೆ ಮಾತು ಹೊರಡಲಿಲ್ಲ. ಯಂತ್ರ ತಿರುಗುತ್ತಿತ್ತು. ಯಾರೂ ನಿಲ್ಲಿಸಲಿಲ್ಲ. ನಾನು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದೆ. ಕೊನೆಗೆ, "ಹೆದರಿಕೆ ಆಯ್ತು" ಎಂದರು. ಅಷ್ಟೇ. ಉಷಾ ಒಂದು ಹೆಜ್ಜೆ ಮುಂದೆ ಬಂದು ಅವರ ಸೆರಗಿನೊಳಗೆ ಮುಖ ಇಟ್ಟಳು. ಆ ಬಟ್ಟೆಯ ಸದ್ದೂ ಟೇಪಿನಲ್ಲಿದೆ.

ಸಾರ್ ತಮ್ಮ ಹಾಳೆಯನ್ನು ಹರಿದುಹಾಕಿದರು. ಕರಿಯವ್ವನ ಉಳಿದ ಮಾತುಗಳನ್ನೂ ಲಲಿತಮ್ಮನೇ ಆಡಿದರು. ನಾಟಕದ ಕಲಾವಿದೆಗೆ ಸಾರ್ ಕ್ಷಮೆ ಕೇಳಿ ಪತ್ರ ಬರೆದರು. ಕುಹೂ ಎಂದು ಕಾಡೆಲ್ಲ ಬೆರಗಾಗುವ ಕೊನೆಯ ದೃಶ್ಯ ಹೋಯಿತು. ಅದರ ಬದಲು ಇದ್ದಿಲು ಕಿಕ್ ಕಿಕ್ ಎಂದು ತನ್ನ ಒರಟು ಕೂಗಿನಲ್ಲಿ ಕೂಗುತ್ತ ಮಾವಿನ ಮರಕ್ಕೆ ಹೋಗುತ್ತಾಳೆ, ಹೊತ್ತು ಮುಳುಗುವಾಗ ಬೇವಿನ ಮರಕ್ಕೆ ಬರುತ್ತಾಳೆ. ಮೊಟ್ಟೆ ಇಟ್ಟವಳು ಒಂದೇ ಒಂದು ಸಲ ದೂರದ ಕೊಂಬೆಯಲ್ಲಿ ಕಾಣಿಸಿಕೊಳ್ಳುತ್ತಾಳೆ. ಅವಳ ಮೈಮೇಲೂ ಚುಕ್ಕೆಗಳಿವೆ. ಅದು ಉಷಾ ಕೇಳಿದ ಪ್ರಶ್ನೆಗಾಗಿ ಸಾರ್ ಸೇರಿಸಿದ್ದು.

ಆ ಮೌನದ ವಿಷಯ ಹೇಳಬೇಕು. ಟೇಪಿನಲ್ಲಿ ಅಳೆದರೆ ಹನ್ನೊಂದು ಸೆಕೆಂಡು. ನಮ್ಮ ಕಸುಬಿನಲ್ಲಿ ಮೌನ ಬಹಳ ಅಗ್ಗ. ಯಾರೂ ಮಾತಾಡದಿದ್ದರೆ ಒಂದೇ ಚಿತ್ರ ಇಟ್ಟು ಕ್ಯಾಮೆರಾ ಒತ್ತುತ್ತ ಹೋದರಾಯಿತು. ನಾನೂ ಒಂದೇ ಸೆಲ್ ತಯಾರಿಸಿ ಕೊಟ್ಟೆ. ಸಾರ್ ಅದನ್ನು ಹಿಂದಿರುಗಿಸಿದರು. "ಅವತ್ತು ಅವರಿಬ್ರೂ ಹೀಗೆ ಕಲ್ಲಾಗಿ ನಿಂತಿದ್ರಾ? ಉಸಿರಾಡ್ತಿದ್ರು ಪದ್ಮಾ. ಉಸಿರು ಬರೀಬೇಕು" ಎಂದರು. ಹನ್ನೊಂದು ಸೆಕೆಂಡಿಗೆ ನೂರಾರು ಚಿತ್ರ. ಪ್ರತಿ ಚಿತ್ರದಲ್ಲಿ ಕಾಗೆಯ ಎದೆ ಒಂದೆಳೆ ಏರುತ್ತದೆ, ಮಗಳ ಎದೆಯ ಚುಕ್ಕೆಗಳು ಒಂದೆಳೆ ಸರಿಯುತ್ತವೆ. ಆ ಕೆಲಸವನ್ನು ನಾನು ಯಾರಿಗೂ ಕೊಡಲಿಲ್ಲ. ಪೂರ್ತಿ ಒಬ್ಬಳೇ ಮಾಡಿದೆ. ನನಗೆ ಬೇರೆ ರೀತಿಯಲ್ಲಿ ಕ್ಷಮೆ ಕೇಳಲು ಬರುತ್ತಿರಲಿಲ್ಲ.

ಚಿತ್ರ ಮುಗಿಯುವಷ್ಟರಲ್ಲಿ ಎಂಬತ್ತರ ದಶಕ ಬಂದಿತ್ತು. ಅದು ದೊಡ್ಡ ಥಿಯೇಟರ್ ಕಾಣಲಿಲ್ಲ. ಜಯನಗರದ ಶಾಲೆಯೊಂದರ ಸಭಾಂಗಣದಲ್ಲಿ ಭಾನುವಾರ ಬೆಳಿಗ್ಗೆ ಮೊದಲ ಪ್ರದರ್ಶನ. ಕಬ್ಬಿಣದ ಕುರ್ಚಿಗಳ ಗದ್ದಲ, ಮಕ್ಕಳ ಗದ್ದಲ. ನನ್ನ ಮುಂದಿನ ಸಾಲಿನಲ್ಲಿ ಅಪ್ಪ ಅಮ್ಮನ ನಡುವೆ ಉಷಾ. ಆಗ ಅವಳಿಗೆ ಹನ್ನೊಂದು ತುಂಬಿತ್ತು.

ಆ ಹನ್ನೊಂದು ಸೆಕೆಂಡು ಬಂದಾಗ ಸಭಾಂಗಣ ಹಾಗೇ ನಿಂತುಹೋಯಿತು. ಎಲ್ಲೋ ಹಿಂದೆ ಒಂದು ಸಣ್ಣ ಮಗು, "ಯಾಕಮ್ಮ ಆ ಅಮ್ಮ ಮಾತಾಡ್ತಿಲ್ಲ?" ಎಂದು ಕೇಳಿತು. ನಾನೇ ಬಣ್ಣ ತುಂಬಿದ ಚಿತ್ರಗಳು, ಒಂದೊಂದೂ ಗೊತ್ತು, ಮುಂದೆ ಬರುವ ಮಾತೂ ಗೊತ್ತು. ಆದರೂ ತೆರೆಯಿಂದ "ಹೆದರಿಕೆ ಆಯ್ತು" ಎಂದು ಕೇಳಿದಾಗ ಬೆಚ್ಚಿಬಿದ್ದೆ.

ಹೊರಗೆ ಬಂದಾಗ ಬಿಸಿಲು ಕಣ್ಣು ಕುಕ್ಕುತ್ತಿತ್ತು. ಗುರುತಿಲ್ಲದ ಹೆಂಗಸೊಬ್ಬರು ಉಷಾಳನ್ನು ನಿಲ್ಲಿಸಿ, "ನೀನೇ ಅಂತಲ್ಲಮ್ಮ ಮರಿಗೆ ಮಾತಾಡಿದ್ದು? ಆ ಕಾಗೆಗೆ ಮಾತಾಡಿದ್ದು ಯಾರು?" ಎಂದು ಕೇಳಿದರು.

"ನಮ್ಮಮ್ಮ" ಎಂದು ಉಷಾ ಪಕ್ಕಕ್ಕೆ ಕೈ ತೋರಿಸಿದಳು.

ಆಕೆ ಇಬ್ಬರನ್ನೂ ನೋಡಿ, ಎಲ್ಲರೂ ಆಡುವ ಹಾಗೆ, "ಹೌದಲ್ವಾ, ಮುಖ ಅಮ್ಮನ ಥರಾನೇ ಇದೆ" ಎಂದರು.

ಲಲಿತಮ್ಮನ ಮುಖದ ರಕ್ತ ಇಳಿದುಹೋದದ್ದನ್ನು ನಾನು ಕಂಡೆ. ಶ್ರೀಕಂಠಯ್ಯ ಏನೋ ಹೇಳಲು ಬಾಯಿ ತೆರೆದರು. ಅವರಿಗಿಂತ ಮುಂಚೆ ಉಷಾ ನಕ್ಕುಬಿಟ್ಟಳು.

"ಮುಖ ಅಲ್ಲ ಆಂಟಿ," ಎಂದಳು. "ಮಾತು."

ಆ ಹೆಂಗಸು ಅರ್ಥವಾಗದೆ ತಲೆಯಾಡಿಸಿ ಹೊರಟುಹೋದರು. ಲಲಿತಮ್ಮ ಅಲ್ಲೇ ನಿಂತಿದ್ದರು. ಆಮೇಲೆ ಅಷ್ಟು ದಿನದಲ್ಲಿ ಮೊದಲ ಸಲ ನನ್ನ ಕಡೆ ತಿರುಗಿ, "ಕೇಳಿಸ್ಕೊಂಡ್ರಾ ಪದ್ಮಾ, ಏನಂದ್ಲು ನನ್ನ ಮಗಳು?" ಎಂದರು.